ಕೊಟ್ಟಿಗೆಯ ಕಣಜ

ಹುಳುಗಳ ವಿಷಯದಲ್ಲಿ ನಾನು ಧೈರ್ಯವಂತನಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇರುವೆ, ನೊಣಗಳ ಗಾತ್ರದವರೆಗೆ ನನ್ನದೇನೂ ತಕರಾರಿಲ್ಲ. ಆದರೆ ಹಳೇಬೀಡಿನ ನಮ್ಮ ಹಿತ್ತಿಲಿಗೆ ಬರುವ ಹುಳುಗಳು ಗಾತ್ರದಲ್ಲಿ ಸಂಕೋಚ ಪಟ್ಟುಕೊಂಡವಲ್ಲ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಗೋಡೆಗೆ ಬಡಿದರೆ ಯಾರೋ ಕಲ್ಲು ಹೊಡೆದರೆಂದು ಎದ್ದು ನೋಡಬೇಕು. ಸೂರ್ಯನ ಕುದುರೆ ಕಿಟಕಿಯ ಸರಳಿನ ಮೇಲೆ ಕೈಜೋಡಿಸಿ ಕೂತು, ಕತ್ತು ತಿರುಗಿಸಿ ನನ್ನನ್ನೇ ನೋಡುವಾಗ, ಬೇಲೂರಿನ ನಮ್ಮ ಕಚೇರಿಗೆ ತಪಾಸಣೆಗೆ ಬರುವ ಅಧಿಕಾರಿಯ ನೆನಪಾಗಿ ಎದ್ದು ನಿಂತದ್ದೂ ಉಂಟು. "ಅದೇನು ನಿಮ್ಮನ್ನ ತಿನ್ನುತ್ತಾ, ಕೂತ್ಕೊಳ್ರಿ" ಎನ್ನುತ್ತಾಳೆ ಹೆಂಡತಿ ಸರೋಜ.

ಕಳೆದ ತಿಂಗಳು ಕೊಟ್ಟಿಗೆಯ ಸೂರಿನಡಿ ಕಣಜಗಳು ಗೂಡು ಕಟ್ಟಿದವು. ಒಂದೊಂದೂ ಹೆಬ್ಬೆರಳಿನಷ್ಟು, ಸೊಂಟಕ್ಕೆ ಹಳದಿ ಪಟ್ಟಿ. ಗೂಡು ಬಿಂದಿಗೆಯ ಗಾತ್ರಕ್ಕೆ ಬೆಳೆದಾಗ ಹೆದರಿ, ಮೊಬೈಲಿನ ನೆಂಟರ ಗ್ರೂಪಿಗೆ ಬರೆದು ಹಾಕಿದೆ: "ನಮ್ಮ ಕೊಟ್ಟಿಗೆಯಲ್ಲಿ ದೊಡ್ಡ ಕಣಜ ಇದೆ. ತೆಗೆಯಬಲ್ಲವರು ಬೇಗ ಬನ್ನಿ." ಗೂಡು ಎಂಬ ಎರಡಕ್ಷರ ಬಿಟ್ಟದ್ದೇ ಎಡವಟ್ಟಾಯಿತು.

ಏಕೆಂದರೆ ನಮ್ಮಲ್ಲಿ ಕುಟುಕುವ ಹುಳುವೂ ಕಣಜ, ರಾಗಿ ತುಂಬಿಡುವ ಆಳೆತ್ತರದ ಬಿದಿರಿನ ಬುಟ್ಟಿಯೂ ಕಣಜ. ಎರಡನೆಯ ಬಗೆಯದೊಂದು ನಮ್ಮ ತಾತನ ಕಾಲದ್ದು, ಮನೆ ಪಾಲಾದ ಮೇಲೆ ನನ್ನ ಕೊಟ್ಟಿಗೆಯಲ್ಲೇ ಉಳಿದಿತ್ತು. ಗೆದ್ದಲು ಹಿಡಿದಿತ್ತು ಅನ್ನಿ. ಒಂದು ಚಳಿಗಾಲ ಗೀಸರ್ ಕೆಟ್ಟಾಗ ಅದನ್ನು ಸ್ವಲ್ಪಸ್ವಲ್ಪವೇ ಮುರಿದು ಹಂಡೆಯ ಒಲೆಗೆ ಹಾಕಿದೆ. ಹದಿನೈದು ದಿನ ಒಳ್ಳೆಯ ಬಿಸಿನೀರು. ಆಮೇಲೆ ಜಾವಗಲ್ಲಿನಲ್ಲಿರುವ ಅಣ್ಣ, "ತಾತನ ಕಣಜ ಎಲ್ಲೋಯ್ತು?" ಎಂದು ಕೇಳಿದಾಗ ಗೊತ್ತಿಲ್ಲ ಎಂದುಬಿಟ್ಟೆ. ನಾನೇ ಬಚ್ಚಿಟ್ಟಿದ್ದೇನೆಂದು ಅವನು ಎರಡು ವರ್ಷ ಮಾತು ಬಿಟ್ಟ. ನಿಜ ಗೊತ್ತಾದರೆ ಇನ್ನೇನು ಗತಿಯೋ ಎಂದು ನಾನು ಎರಡು ವರ್ಷ ನಿದ್ದೆ ಬಿಟ್ಟೆ.

ಭಾನುವಾರ ಬೆಳಿಗ್ಗೆ ಅಣ್ಣ ಲಗೇಜ್ ಆಟೋದಲ್ಲಿ ಬಂದಿಳಿದ. ಹೆಗಲ ಮೇಲೆ ಹಗ್ಗ.

"ಎಲ್ಲೈತಲಾ ಕಣಜ?"

"ಅಣ್ಣ, ಅದು ಆ ಕಣಜ ಅಲ್ಲ. ಒಳಗೆ ಹೋಗ್ಬೇಡ."

"ಊರಿಗೆಲ್ಲ ಹೇಳ್ಬಿಟ್ಟು ನನ್ನ ಮುಂದೆ ಮುಚ್ಚಿಡ್ತೀಯೇನ್ಲಾ?"

ಕೊಟ್ಟಿಗೆಯ ಬಾಗಿಲನ್ನು ಕಾಲಿನಿಂದ ಒದ್ದ. ಮುಂದಿನದ್ದನ್ನು ನಾನು ನೋಡಲಿಲ್ಲ; ಆ ಹೊತ್ತಿಗೆ ಅಡುಗೆಮನೆಯೊಳಗಿದ್ದು ಚಿಲಕ ಹಾಕಿಕೊಂಡಿದ್ದೆ. ಶಬ್ದ ಮಾತ್ರ ಚೆನ್ನಾಗಿ ಕೇಳಿಸಿತು.

ಎಲ್ಲ ಅಡಗಿದ ಮೇಲೆ ಅಣ್ಣ ಜಗಲಿಯ ಮೇಲೆ ಕೂತಿದ್ದ. ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ಮೇಲ್ತುಟಿ ಬೋಂಡದಂತಾಗಿತ್ತು. ಸರೋಜ ಈರುಳ್ಳಿ ಹೋಳಿನಿಂದ ಉಜ್ಜುತ್ತಿದ್ದಳು.

"ಈಚೆ ಬರಕ್ಕೆ ದಾರಿ ಸಿಗ್ದೆ ಕೊಟ್ಟಿಗೆ ಒಳ್ಗೇ ಮೂರು ಸುತ್ತು ಸುತ್ತಿದೀನಿ ಕಣ್ಲಾ," ಎಂದ ಅಣ್ಣ. "ಒಂದು ಬಿದಿರು ಸೀಳೂ ಕಣ್ಣಿಗೆ ಬೀಳ್ಲಿಲ್ಲ. ಸುಮ್ಸುಮ್ಕೆ ನಿನ್ನ ಮ್ಯಾಲೆ ಅನುಮಾನ ಪಟ್ಟೆ. ಮನಸ್ಸಿಗೆ ಹಚ್ಕೋಬ್ಯಾಡ."

ಅವನ ತೆರೆದಿದ್ದ ಒಂದು ಕಣ್ಣಿನಲ್ಲಿ ನೀರಿತ್ತು. ಪಶ್ಚಾತ್ತಾಪಕ್ಕೋ ಈರುಳ್ಳಿಗೋ ತಿಳಿಯದು. ಹಂಡೆಯ ಒಲೆಯ ವಿಷಯ ನನ್ನ ನಾಲಿಗೆಯ ತುದಿಯವರೆಗೂ ಬಂತು. ಸರೋಜ ಉಜ್ಜುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಅಣ್ಣನ ಹೆಗಲ ಮೇಲಿನ ಹಗ್ಗವನ್ನೂ ಅವನ ತೋಳುಗಳನ್ನೂ ನಾನು ನೋಡಿದೆ.

"ಹೋಗ್ಲಿ ಬಿಡಣ್ಣ," ಎಂದೆ. "ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ." ಹೀಗೆ, ದೊಡ್ಡ ಮನಸ್ಸು ಮಾಡಿ, ಅಣ್ಣನನ್ನು ಕ್ಷಮಿಸಿಬಿಟ್ಟೆ.

ಸರೋಜ ಈರುಳ್ಳಿ ಹೋಳನ್ನು ತಂದು ನನ್ನ ಕೈಯಲ್ಲಿಟ್ಟಳು. "ಕ್ಷಮಿಸಿದ್ದು ಮುಗೀತಲ್ಲ, ಇನ್ನು ನೀವೇ ಉಜ್ಜಿ" ಎಂದು ಒಳಗೆ ಹೋದಳು.