ಕೇಳಿದ್ದರೆ ಕೊಡುತ್ತಿದ್ದ ಗುಲಾಬಿ

ನಾನೇ ತರಬೇತಿ ಕೊಟ್ಟು ತಯಾರು ಮಾಡಿದ ಸ್ವಯಂಸೇವಕಿಯರು, ನಾನೇ ಕಲಿಸಿದ ವಿದ್ಯೆಯನ್ನು ಬಳಸಿ, ನನ್ನದೇ ಪನ್ನೀರು ಗುಲಾಬಿ ಗಿಡವನ್ನು ಬೋಳಿಸಿದ್ದಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಹೆಗ್ಗಡದೇವನಕೋಟೆಯ ನಮ್ಮ ಬೀದಿಯಲ್ಲಿ ಹಬ್ಬಿರುವ ಸುದ್ದಿಯೇ ಬೇರೆ: "ಮೇಷ್ಟ್ರು ಒಂದು ಗುಲಾಬಿ ಗಿಡಕ್ಕೋಸ್ಕರ ಮಾತು ಬುಟ್ಟವ್ರಂತೆ." ನಾನು ಮಾತು ಬಿಟ್ಟಿಲ್ಲ. ಆಡಬೇಕಾದ ಮಾತುಗಳನ್ನು ಕ್ರಮವಾಗಿ ಜೋಡಿಸಿಕೊಳ್ಳುತ್ತಿದ್ದೆ, ಅಷ್ಟೆ.

ನೌಕರಿಗೆ ನಿವೃತ್ತಿಯುಂಟು, ಕಲಿಸುವ ಚಟಕ್ಕಿಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿ ಮನೆಗೆ ಬಂದವನು ಹಿತ್ತಿಲಿನ ಕೈತೋಟಕ್ಕೆ ಇಳಿದೆ. ಬೀದಿಯ ಮಹಿಳಾ ಸಂಘದವರು ಬಂದು, "ನಮ್ಗೆ ಹೇಳ್ಕೊಡಿ, ನಾವು ಊರ್ಗೆಲ್ಲ ಹೇಳ್ತೀವಿ" ಎಂದಾಗ ಸಂತೋಷದಿಂದಲೇ ಒಪ್ಪಿದೆ. ಅವರ ಮುಂದಾಳು ಜಯಮ್ಮ, ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು, ನಾನು ದ್ಯುತಿಸಂಶ್ಲೇಷಣೆ ವಿವರಿಸುತ್ತಿದ್ದಾಗ ಹುಣಸೆಹಣ್ಣು ಚೀಪುತ್ತಿದ್ದವಳು. ಅವಳು ಮರೆತಿರಬಹುದು. ನಾನು ಮರೆತಿಲ್ಲ.

ಗುಲಾಬಿಯ ಪಾಠವನ್ನು ವಿಶೇಷ ಶ್ರದ್ಧೆಯಿಂದ ಮಾಡಿದೆ. ಬಲಿತ ಕಡ್ಡಿಯನ್ನೇ ಆರಿಸಬೇಕು, ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಬೇಕು, ನೆರಳಿನಲ್ಲಿಡಬೇಕು. ಕೊನೆಗೆ ನನ್ನ ಶ್ರೀಮತಿ ಪಿರಿಯಾಪಟ್ಟಣದ ತವರಿನಿಂದ ತಂದು ಬೆಳೆಸಿದ ಆ ಪನ್ನೀರು ಗುಲಾಬಿಯಿಂದಲೇ ಪ್ರತಿಯೊಬ್ಬರಿಗೂ ಒಂದೊಂದು ಕಡ್ಡಿಯನ್ನು ಕೈಯಾರೆ ಕೊಟ್ಟೆ. ಅವಳ ಶುಕ್ರವಾರದ ಪೂಜೆಗೆ ಆ ಹೂವೇ ಆಗಬೇಕು, ಆದರೂ ಕೊಟ್ಟೆ. ಕೊಟ್ಟು ಸುಮ್ಮನಾಗಲಿಲ್ಲ. ಭಾನುವಾರಗಳಂದು ಮನೆಮನೆಗೆ ಹೋಗಿ, ಬೇರು ಬಿಟ್ಟಿದೆಯೇ ಎಂದು ಕಡ್ಡಿಗಳನ್ನು ಮೆಲ್ಲಗೆ ಮೇಲೆತ್ತಿ ಪರೀಕ್ಷಿಸಿ, ಮತ್ತೆ ಊರಿ ಬರುತ್ತಿದ್ದೆ. ಒಂದೂ ಚಿಗುರಲಿಲ್ಲ. ಶಿಷ್ಯರ ಅಲಕ್ಷ್ಯಕ್ಕೆ ಮದ್ದಿಲ್ಲವೆಂದುಕೊಂಡೆ.

ಆಮೇಲೆ ಹುಣಸೂರಿನಲ್ಲಿ ನೆಂಟರ ಗೃಹಪ್ರವೇಶವೆಂದು ನಾವಿಬ್ಬರೂ ಹೋಗಿ, ಹದಿನೈದು ದಿನ ಅಲ್ಲೇ ಉಳಿದು ಬರುವಷ್ಟರಲ್ಲಿ ಗಿಡ ಮೊಂಡುಬುಡವಾಗಿ ನಿಂತಿತ್ತು. ಬಗ್ಗಿ ನೋಡಿದೆ. ಒಂದೊಂದು ಗಾಯವೂ ಗಿಣ್ಣಿನ ಕೆಳಗೆ, ಓರೆಯಾಗಿ, ನುಣುಪಾಗಿ, ಪಾಠದಲ್ಲಿ ಹೇಳಿದಂತೆಯೇ ಇತ್ತು. ಕಳ್ಳರು ಯಾರೆಂದು ಪೊಲೀಸರನ್ನು ಕೇಳಬೇಕಾಗಿರಲಿಲ್ಲ.

ನೇರ ಜಯಮ್ಮನ ಮನೆಗೆ ಹೋದೆ. ಬಚ್ಚಲಿನ ಹಿಂದೆ, ಒಡೆದ ಬಕೆಟ್ಟಿನಲ್ಲಿ, ನನ್ನ ಗುಲಾಬಿ ಆಗಲೇ ಕೆಂಪಗೆ ಚಿಗುರೊಡೆದಿತ್ತು.

"ಕೇಳಿದ್ದರೆ ನಾನೇ ಕೊಡುತ್ತಿರಲಿಲ್ಲವೇನಮ್ಮ?"

"ಕೊಡ್ತಿದ್ರಿ ಮೇಷ್ಟ್ರೇ, ಕೊಟ್ಟೂ ಇದ್ರಿ. ಅದ್ಕೇ ಒಣಗೋಗಿದ್ದು. ಗುಲಾಬಿ ಕಡ್ಡಿ ಕದ್ದು ತಂದ್ರೇ ಬರೋದು ಕಣ್ರೀ. ನಮ್ಮವ್ವನೂ ಅಂಗೇ ಮಾಡ್ತಿದ್ಲು."

"ಇದು ಮೂಢನಂಬಿಕೆ! ಊರಿಗೂ ಇದನ್ನೇ ಹೇಳಿಕೊಡುತ್ತೀಯಾ?"

"ಏಳ್ಕೊಟ್ಟಾಯ್ತು ಬುಡಿ. ಅಂತರಸಂತೆಯಿಂದ ನಮ್ಮ ನಾದ್ನಿ ಬಂದಿದ್ಲು, ಅವ್ಳೂ ಒಂದು ಕದ್ಕೊಂಡೋದ್ಲು. ಕದಿಯೋವಾಗ ನಾವು ನೋಡ್ಬಾರ್ದಲ್ವ, ನಾನು ಅಡುಗೆಮನೇಲಿ ಕೂತಿದ್ದೆ."

ಕಾರ್ಯಕಾರಣ ಸಂಬಂಧದ ಬಗ್ಗೆ ನಾನು ವಿವರವಾಗಿ ಹೇಳತೊಡಗಿದೆ. ಅವಳು ಬಕೆಟ್ಟನ್ನು ನನ್ನ ಕೈಗೆ ಎಟುಕದಷ್ಟು ದೂರ ಸರಿಸಿ ಅಂದಳು:

"ಮೇಷ್ಟ್ರೇ, ನೀವು ಕೊಟ್ಟಿದ್ದ ಮುಂದ್ಗಡೆ ನೆಟ್ಟಿದ್ದೊ. ನೀವು ಭಾನ್ವಾರ ಭಾನ್ವಾರ ಬಂದು ಕಿತ್ತು ಕಿತ್ತು ನೋಡ್ತಿದ್ರಿ. ಕದ್ದಿದ್ದ ಇಲ್ಲಿ ಮರೇಲಿ ಮಡಗಿವ್ನಿ. ನಿಮ್ ಕಣ್ಣಿಗೆ ಬೀಳ್ನಿಲ್ಲ, ಬದುಕ್ಕೊಂತು."

ಇದಕ್ಕೆ ಸರಿಯಾದ ಉತ್ತರವೊಂದಿದೆ, ಇನ್ನೂ ಹೊಳೆದಿಲ್ಲ. ಮನೆಗೆ ಬಂದು ಉಳಿದ ಮೊಂಡನ್ನಾದರೂ ಉಳಿಸಿಕೊಳ್ಳುವ ಹಟ ತೊಟ್ಟೆ. ಹಸಿರಿದೆಯೇ ಎಂದು ದಿನವೂ ಬೆಳಿಗ್ಗೆ ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಸುತ್ತ ಕೆರೆದು ಮುಗಿಯುವ ಹೊತ್ತಿಗೆ ಅದೂ ಒಣಗಿತು. ಶ್ರೀಮತಿ ಶುಕ್ರವಾರ ದೇವರ ಮುಂದೆ ಕನಕಾಂಬರ ಇಟ್ಟು, ನನ್ನ ಉಗುರುಗಳ ಕಡೆ ಒಮ್ಮೆ ನೋಡಿದಳು.

ಹಾಗೆಂದು ತರಬೇತಿ ನಿಲ್ಲುವುದಿಲ್ಲ. ಮುಂದಿನ ತಂಡಕ್ಕೂ ನಾನೇ ಹೇಳಿಕೊಡುತ್ತೇನೆ. ಭಾನುವಾರದ ತಪಾಸಣೆಯನ್ನು ಮಾತ್ರ, ಮಂಡಿನೋವಿನ ಕಾರಣದಿಂದ, ಕೈಬಿಟ್ಟಿದ್ದೇನೆ. ಈಗ ಉಳಿದಿರುವುದು ಸ್ವಯಂಸೇವಕಿಯರಾದ ನಿಮಗೆ ಒಂದೇ ಪ್ರಶ್ನೆ. ಪನ್ನೀರು ಗುಲಾಬಿ ನಿಮ್ಮೆಲ್ಲರ ಮನೆಯಲ್ಲೂ ಇದೆ, ನಮ್ಮ ಮನೆಯಲ್ಲಿಲ್ಲ. ನನ್ನ ಶ್ರೀಮತಿಗೆ ಒಂದು ಕಡ್ಡಿ ಬೇಕೇಬೇಕು. ಕೇಳಿ ಪಡೆದದ್ದು ಬದುಕುವುದಿಲ್ಲವೆಂದು ನೀವೇ ತೀರ್ಮಾನಿಸಿದ್ದೀರಿ. ಹಾಗಾದರೆ, ಹಿತ್ತಿಲ ಬಾಗಿಲಿಗೆ ಅಗುಳಿ ಹಾಕದೆ ನೀವೆಲ್ಲ ಸಂಘದ ಸಭೆಗೆ ಹೋಗುವುದು ಯಾವ ದಿನ?