ಹಗಲು ಮುಖ ತೋರಿಸದ ಮೀನು

ದಾವಣಗೆರೆಯ ಸಿದ್ದೇಶಪ್ಪನವರ ಪಡಸಾಲೆಯಲ್ಲಿ ಒಂದು ಸಮುದ್ರವಿತ್ತು. ಗಾಜಿನ ತೊಟ್ಟಿ, ಉಪ್ಪು ನೀರು, ಬಂಡೆಗಳು, ಬಂಡೆಯ ಸಂದಿಯಲ್ಲಿ ದೊಡ್ಡ ಕಣ್ಣಿನ ಕೆಂಪು ಮೀನು. ಸಂದಿಯಲ್ಲಿ ಎಂದೆನಲ್ಲ, ಅದೇ ಗೋಳು. ಈ ಮಹಾನುಭಾವ ನಿಶಾಚರ. ಬೆಳಕಿದ್ದರೆ ಬಾಲದ ತುದಿಯನ್ನೂ ತೋರಿಸದು. (ಮೊಟ್ಟೆಯೂ ಹೊಸ್ತಿಲು ದಾಟದ ಆ ಮನೆಯ ಫ್ರಿಜ್ಜಿನಲ್ಲಿ ಅದಕ್ಕೆಂದು ಸೀಗಡಿ ಕೂತಿತ್ತು.) ಬಂದವರೆಲ್ಲ ಕಲ್ಲು ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು.

"ಕಲ್ಲು ಸಾಕಾಕೆ ಇಷ್ಟು ಕರೆಂಟು ಬೇಕೇನ್ರಿ?" ಎನ್ನುತ್ತಿದ್ದಳು ಹೆಂಡತಿ ಅಂಬಿಕಾ. ಆ ಮಾತು ಸಿದ್ದೇಶಪ್ಪನವರಿಗೆ ಎದೆಗೇ ಚುಚ್ಚುತ್ತಿತ್ತು.

ಅಷ್ಟರಲ್ಲಿ ಮಗಳು ರಶ್ಮಿಯನ್ನು ನೋಡಲು ಹರಿಹರದ ಗಂಡಿನವರು ಬರುವುದೆಂದಾಯಿತು. ಹಿಂದೆ ಬಂದು ಹೋದ ಸಂಬಂಧಗಳನ್ನು ಲೆಕ್ಕ ಇಡುವುದನ್ನೇ ಮನೆಯವರು ಬಿಟ್ಟಿದ್ದರು. ಈ ಹುಡುಗ ರೇವಂತನ ಜೊತೆ ಫೋನಿನಲ್ಲಿ ಮಾತಾಡಿದ ಮೇಲೆ ಮಾತ್ರ ರಶ್ಮಿ ತಾನಾಗಿ ಬಾಯಿಬಿಟ್ಟು, "ಇವ್ರು ಇಷ್ಟ ಆದ್ರಮ್ಮ," ಎಂದಿದ್ದಳು.

"ಬೆಳಿಗ್ಗೇನೇ ಬರ್ಲಿ ಬಿಡ್ರಿ," ಎಂದಳು ಅಂಬಿಕಾ. ಸಿದ್ದೇಶಪ್ಪನವರು ಮುಸ್ಸಂಜೆಯೇ ಆಗಬೇಕೆಂದು ಹಟ ಹಿಡಿದರು. ಮೀನಿನ ಅನುಕೂಲವನ್ನೂ ನೋಡಬೇಕಲ್ಲ.

ಗಂಡಿನವರು ಬಂದು ಕೂತರು. ಹುಡುಗನ ತಾಯಿ ಗುರುಶಾಂತಮ್ಮ ದೇವರ ದೀಪ ಕಂಡು ಕೈಮುಗಿದು, "ದೀಪ ಹಚ್ಚೋ ಹೊತ್ತಿಗೇ ಬಂದೀವಿ, ಚಲೋ ಆತು," ಎಂದರು. ರಶ್ಮಿ ಅವಲಕ್ಕಿ ತಟ್ಟೆ ಹಿಡಿದು ಬಾಗಿಲಿಗೆ ಬರುತ್ತಿದ್ದಂತೆ ಸಿದ್ದೇಶಪ್ಪನವರು, "ಒಂದು ಅದ್ಭುತ ತೋರಿಸ್ತೀನಿ, ಕೂಡ್ರಿ," ಎಂದು ಲೈಟುಗಳನ್ನೆಲ್ಲ ಆರಿಸಿದರು. ದೇವರ ದೀಪದ ಬೆಳಕು ತೊಟ್ಟಿಗೆ ಬೀಳುತ್ತಿತ್ತು. ಅದನ್ನೂ ಉಫ್ ಎಂದು ಊದಿದರು. ದೀಪ ಆರಿತು ಎಂದು ಬಾಯಲ್ಲಿ ಅನ್ನಲೂ ಅಂಜಿ "ಶಾಂತವಾಯಿತು" ಎನ್ನುವ ಮಂದಿಯ ಎದುರಿಗೆ, ಪುಣ್ಯಾತ್ಮ!

ತೊಟ್ಟಿಯ ಮೇಲಿನ ಸಣ್ಣ ಕೆಂಪು ಬಲ್ಬೊಂದೇ ಉಳಿಯಿತು. ಮೀನು ಮದುಮಗನ ಗತ್ತಿನಲ್ಲಿ ಹೊರಬಂತು. ರೇವಂತ ಗಾಜಿಗೆ ಮೂಗು ಒತ್ತಿ ಕೂತವನು ಏಳಲೇ ಇಲ್ಲ. ರಶ್ಮಿ ತಟ್ಟೆ ಹಿಡಿದು ಕತ್ತಲಲ್ಲೇ ನಿಂತಿದ್ದಳು. ಅವಳತ್ತ ಯಾರೂ ನೋಡಲಿಲ್ಲ.

"ಹೆಣ್ಣು ತೋರ್ಸಾಕೆ ಕರೆದು, ದೀಪ ಊದಿ ಮೀನು ತೋರಿಸ್ತೀರಲ್ರಿ," ಎಂದು ಗುರುಶಾಂತಮ್ಮ ಎದ್ದೇ ಬಿಟ್ಟರು.

ವಾರ ಕಳೆದು ಮದುವೆ ದಲ್ಲಾಳಿ ಗಿಡ್ಡಪ್ಪ ಬಂದ. ಕೆಮ್ಮಿ, ನೆಲ ನೋಡುತ್ತ ಹೇಳಿದ. "ಹುಡುಗಿ ಬ್ಯಾಡ ಅಂದ್ರು ಸಾಹೇಬ್ರ. ದೀಪ ಊದೋ ಮನಿ ಹೆಣ್ಣು ತರಾಂಗಿಲ್ಲ ಅಂತ ಆ ಯಮ್ಮ ಪಟ್ಟು ಹಿಡಿದೈತೆ. ಆದ್ರ ಹುಡುಗನಿಗೆ ಮೀನು ಭಾಳ ಹಿಡಿಸೈತಂತೆ. ಕೊಡ್ತಾರೇನು ಕೇಳು ಅಂದಾನೆ."

ಸಿದ್ದೇಶಪ್ಪನವರು ಮಗಳ ಮುಖ ನೋಡಿದರು.

"ಕಳ್ಸಪ್ಪ," ಎಂದಳು ರಶ್ಮಿ. "ನಿನ್ ಮನಿಂದ ಅದಾದ್ರೂ ಹರಿಹರ ಸೇರ್ಲಿ."