ಕಾಲು ಊರಿದ ಚಾಂಪಿಯನ್

ನೂರೆಂಬತ್ತರ ವೇಗದಲ್ಲಿ ಹೋಗುವಾಗ ನನ್ನ ಮಾನ ಒಂದು ದಿನವೂ ಹೋಗಲಿಲ್ಲ. ಹೋದದ್ದೆಲ್ಲ ಗಾಡಿಯಿಂದ ಇಳಿದ ಮೇಲೆಯೇ.

ಗುಡಿಬಂಡೆ ಕಡೆಯ ಹಳ್ಳಿಯಿಂದ ರಾಯದುರ್ಗಕ್ಕೆ ಜೀನ್ಸ್ ಹೊಲಿಯಲು ಬಂದವನು ನಾನು. ಹೊಲಿಗೆ ಹತ್ತಲಿಲ್ಲ. ಮಾಲೀಕರು, ಕತ್ತರಿಸಿದ ಬಟ್ಟೆಯ ಗಂಟುಗಳನ್ನು ಬೈಕಿನಲ್ಲಿ ಹೊಲಿಯುವವರ ಮನೆಮನೆಗೆ ಮುಟ್ಟಿಸುವ ಕೆಲಸಕ್ಕೆ ಹಾಕಿದರು. ಅಲ್ಲಿ ಹಿಡಿದ ವೇಗದ ಹುಚ್ಚು ನನ್ನನ್ನು ಚೆನ್ನೈನ ರೇಸಿಗೆ ಎಳೆದುಕೊಂಡು ಹೋಯಿತು.

1. ಲೇಬಲ್

ಮೊದಲ ರೇಸಿಗೆ ಯಾರೋ ಬಿಟ್ಟ ಚರ್ಮದ ಸೂಟ್ ಸಿಕ್ಕಿತು. ಕೂರುವ ಜಾಗದಲ್ಲಿ ಹರಿದಿತ್ತು. ಮಾಲೀಕರು ತಾವೇ ಮಷಿನ್ ಮುಂದೆ ಕೂತು ತೇಪೆ ಹಾಕಿದರು. ತೇಪೆಯ ಮೇಲೆ ತಮ್ಮ ಜೀನ್ಸಿನ ಲೇಬಲ್ಲನ್ನು ಅಂಗೈ ಅಗಲ ಹೊಲಿದರು.

"ಅಲ್ಲಿ ಯಾಕ್ರಿ?" ಅಂದೆ.

"ನಿನ್ನ ಹಿಂದ ಬರೋರೆಲ್ಲ ಓದ್ಲಿ."

ಇಪ್ಪತ್ತೆರಡು ಜನ ಹೊರಟೆವು. ನಾನು ಇಪ್ಪತ್ತೆರಡನೆಯವನಾಗಿ ಮುಟ್ಟಿದೆ. ವಾಪಸ್ಸು ಬಂದು ಹೇಳಿದರೆ ಮಾಲೀಕರು ಬೈಯಲಿಲ್ಲ. ಕತ್ತರಿ ತಗೊಂಡು ಲೇಬಲ್ ಬಿಚ್ಚಿದರು.

"ಎದಿ ಮ್ಯಾಲ ಹಚ್ಚೋಣ. ಮುಂದ ಹೋದೋರು ಯಾರಾದ್ರು ತಿರುಗಿ ನೋಡ್ಯಾರು."

2. ಉಪ್ಪಿಟ್ಟು

ಕೆಲವು ವರ್ಷ ಬಿದ್ದು ಎದ್ದು, ಕೊನೆಗೆ ದೇಶಕ್ಕೇ ಚಾಂಪಿಯನ್ ಆದೆ. ಆ ಧೈರ್ಯದ ಮೇಲೆ ಮಡಕಶಿರಾ ಹತ್ತಿರ ಹೆಣ್ಣು ನೋಡಲು ಹೋದೆವು. ಹುಡುಗಿಯ ಅಪ್ಪ ರೇಷ್ಮೆ ಹುಳು ಸಾಕುವವರು. ಗೆದ್ದ ಕಪ್ಪನ್ನು ಅವರ ಕೈಗಿಟ್ಟೆ. ಬಿಂದಿಗೆಯ ಹಾಗೆ ಬೆರಳಿನಿಂದ ತಟ್ಟಿ ನೋಡಿ ಕೆಳಗಿಟ್ಟರು.

"ರೇಸ್‌ನಾಗೆ ಎಷ್ಟು ದೂರ ಹೋಗ್ತೀಯಪ್ಪಾ?"

"ಮೂವತ್ತು ಕಿಲೋಮೀಟ್ರು."

"ಎಲ್ಲಿಂದ ಎಲ್ಲಿಗೆ?"

"ಹೊರಟ ಜಾಗಕ್ಕೇ ವಾಪಸ್ಸು."

ಅವರು ನನ್ನ ಅಪ್ಪನ ಮುಖ ನೋಡಿದರು. ಅಪ್ಪ ಸೂರು ನೋಡಿದರು.

"ಈ ಚಾಂಪಿಯನ್ನು ಅನ್ನೋದು ಪರ್ಮನೆಂಟಾ?"

"ಒಂದು ವರ್ಷಕ್ಕೆ. ಆಮೇಲೆ ಮತ್ತೆ ಗೆಲ್ಲಬೇಕು."

ಅವರು ಅಡುಗೆಮನೆ ಕಡೆ ತಿರುಗಿ ಹೆಂಡತಿಗೆ ಹೇಳಿದರು, "ಕಾಫಿ ಸಾಕು ಕಣೇ, ಉಪ್ಪಿಟ್ಟು ಬ್ಯಾಡ. ಹುಡುಗ ಕಾಂಟ್ರಾಕ್ಟು."

ಒಳಗಿನಿಂದ ಹುಡುಗಿಯ ದನಿ ಬಂತು: "ಅಪ್ಪಾ, ಹೊಂಟ ಜಾಗಕ್ಕೇ ವಾಪಸ್ ಬರೋ ಗಂಡ ಈಗ ಎಲ್ಲಿ ಸಿಕ್ತಾನೆ?"

ಉಪ್ಪಿಟ್ಟು ಬಂತು.

3. ಮೆರವಣಿಗೆ

ಎರಡನೇ ಸಲ ಗೆದ್ದಾಗ ರಾಯದುರ್ಗದಲ್ಲಿ ಮೆರವಣಿಗೆ ಇಟ್ಟರು. ಊರಿನ ನಾಯಕರೊಬ್ಬರು ತೆರೆದ ಜೀಪಿನಲ್ಲಿ ನಿಂತಿದ್ದರು, ಹಾರಗಳೆಲ್ಲ ಅವರ ಕೊರಳಿಗೇ. ನಾನು ಹಿಂದೆ, ರೇಸಿನ ಬೈಕಿನ ಮೇಲೆ. ಆ ಗಾಡಿ ನಿಧಾನ ಹೋದರೆ ಬಿಸಿಯಾಗಿ ಕೆಡುತ್ತದೆ. ಅದಕ್ಕೇ ಜೀಪನ್ನು ದಾಟಿ ಒಂದಿಷ್ಟು ಮುಂದೆ ಬಿಟ್ಟೆ. ಅವರ ಕಡೆಯವನೊಬ್ಬ ಓಡಿಬಂದು ಹ್ಯಾಂಡಲ್ ಹಿಡಿದ.

"ಸಾಹೇಬ್ರನ್ನ ದಾಟಿ ಹೊಂಟೀರಲ್ರಿ."

"ಮೆರವಣಿಗಿ ನಂದಲ್ಲೇನ್ರಿ?"

"ನಿಮ್ದ ರಿ. ಹಂಗಂತ ನೀವ ಮುಂದ ಹೋಗೋದೇನು?"

ಹಿಂದೆ ಬಂದೆ. ಎಂಜಿನ್ ಕುದಿದು ನಿಂತಿತು. ವೇದಿಕೆಯ ತನಕ ಬೈಕನ್ನು ತಳ್ಳಿಕೊಂಡು ಹೋದೆ. ಅಷ್ಟರಲ್ಲಿ ನಾಯಕರು ಭಾಷಣಕ್ಕೆ ನಿಂತಿದ್ದರು. ಬೆವರು ಒರೆಸಿಕೊಳ್ಳುತ್ತ ತಳ್ಳುತ್ತಿದ್ದ ನನ್ನ ಕಡೆ ಕೈ ತೋರಿಸಿ, "ವೇಗದಲ್ಲಿ ಈ ಹುಡುಗನನ್ನು ಮೀರಿಸುವವರು ಇಡೀ ದೇಶದಲ್ಲೇ ಇಲ್ಲ" ಅಂದರು.

4. ಎಂಟು

ರೇಸಿಗೆ ಬೇರೆಯದೇ ಕಾರ್ಡು. ರಸ್ತೆಯ ಲೈಸೆನ್ಸ್ ನಾನು ಮಾಡಿಸಿರಲೇ ಇಲ್ಲ. ಚಾಂಪಿಯನ್ನನ್ನು ಯಾರು ಕೇಳುತ್ತಾರೆ ಎಂಬ ಕೊಬ್ಬು. ಹೆಂಡತಿ ಕೇಳಿದಳು. ಜೀನ್ಸ್ ಯೂನಿಟ್ಟಿಗೆ ಹೋಗಿಬರಲು ಅವಳೊಂದು ಸ್ಕೂಟರ್ ತಗೊಂಡಿದ್ದಳು, ಅವಳಿಗೂ ಲೈಸೆನ್ಸ್ ಬೇಕಿತ್ತು. ಇಬ್ಬರೂ ಒಂದೇ ದಿನ ಪರೀಕ್ಷೆಗೆ ಹೋದೆವು. ಇದಕ್ಕೆಲ್ಲ ಬೈಕ್ ಯಾಕೆ ಅಂತ ನಾನೂ ಅವಳ ಸ್ಕೂಟರನ್ನೇ ನೆಚ್ಚಿದೆ.

ನೆಲದ ಮೇಲೆ ಸುಣ್ಣದಲ್ಲಿ ಇಂಗ್ಲಿಷಿನ ಎಂಟು ಬರೆದಿದ್ದರು. ಕಾಲು ಊರದೆ, ನಿಧಾನವಾಗಿ ಅದರ ಮೇಲೆ ಸುತ್ತಿ ಬರಬೇಕು. ಅವಳು ತರಕಾರಿ ತರಲು ಹೋದವಳ ಹಾಗೆ ಹೋಗಿ ಬಂದಳು. ನನ್ನ ಸರದಿ ಬಂದಾಗ ಸಾಲಿನಲ್ಲಿದ್ದವರೆಲ್ಲ ಮೊಬೈಲ್ ತೆಗೆದರು. ಅಧಿಕಾರಿಯೂ ಕುರ್ಚಿ ಬಿಟ್ಟು ಎದ್ದರು. ನಿಧಾನ ಹೋಗುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಎಂಟರ ಸೊಂಟದಲ್ಲೇ ಗಾಡಿ ವಾಲಿತು. ಕಾಲು ಊರಿದೆ.

"ಫೇಲ್ ರಿ," ಅಂದರು ಅಧಿಕಾರಿ.

"ನಾನು ದೇಶಕ್ಕೇ ಚಾಂಪಿಯನ್ ರಿ."

"ಹೌದ್ರಿ, ಪೇಪರಿನಾಗ ಓದೀನಿ. ಒಂದ್ ತಿಂಗ್ಳು ಗಾಡಿ ಕಲ್ತು ಬರ್ರಿ."

ಪಾಸಾದವಳು ಹ್ಯಾಂಡಲ್ ಹಿಡಿದಳು. ನಾನು ಹಿಂದೆ ಕೂತೆ. ಬಸ್ ಸ್ಟ್ಯಾಂಡಿನ ಹತ್ತಿರ ಪರಿಚಯದ ಅಂಗಡಿಯವರು ಕೈ ಅಡ್ಡ ಹಾಕಿ ಗಾಡಿ ನಿಲ್ಲಿಸಿದರು.

"ಏನವ್ವಾ, ಅಂಥಾ ಚಾಂಪಿಯನ್ನರನ್ನ ಹಿಂದ ಕೂಡಿಸ್ಕೊಂಡು ನೀನ ಹೊಡೀತೀಯಲ್ಲ. ಅವ್ರಿಗೆ ಕೊಡಬಾರದೇನು?"

ಅವಳು ತಿರುಗಿ ನನ್ನನ್ನು ಒಮ್ಮೆ ನೋಡಿದಳು.

"ಇನ್ನಾ ಕಲೀತಾ ಅವ್ರೆ ಕಣಣ್ಣ. ಬಂದ್ರೆ ಕೊಡಾನ."